ಎಲ್ಲಾ ಕೋಪಸೆಟಿಕ್!

ಅಮೆರಿಕನ್ನರ ಆಡುಮಾತಿನಲ್ಲಿ ‘ಕೋಪಸೆಟಿಕ್’ ಎಂಬ ಪದವೊಂದಿದೆ. ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಅದರೊಳಗಿನ ‘ಕೋಪ’. ಅರ್ಥ ಮಾತ್ರ ತದ್ವಿರುದ್ಧ: ಎಲ್ಲ ಚೆನ್ನಾಗಿದೆ, ಯಾವ ತಕರಾರೂ ಇಲ್ಲ, ಚಿಂತೆ ಬಿಡಿ. ನಾನದನ್ನು ಕೇಳಿದ್ದು ಷಿಕಾಗೋದಲ್ಲಿ, ನಮ್ಮ ಕಟ್ಟಡದ ಬಾಯ್ಲರ್ ರಿಪೇರಿಗೆ ಬರುತ್ತಿದ್ದ ಹಿರಿಯರೊಬ್ಬರಿಂದ. ಈಗಿನ ಹುಡುಗರ ಬಾಯಲ್ಲಿ ಅದು ಅಪರೂಪ.

ನಿಘಂಟು ತೆರೆದರೆ ‘ಮೂಲ ತಿಳಿದಿಲ್ಲ’ ಎಂದಿರುತ್ತದೆ. ನಿಘಂಟುಕಾರರು ಮುದ್ರಣದಲ್ಲಿ ತೋರಿಸುವ ಹಳೆಯ ಬಳಕೆ 1919ರದು. ಲಿಂಕನ್ ಯೌವನದ ದಿನಗಳನ್ನು ಕುರಿತು ಇರ್ವಿಂಗ್ ಬ್ಯಾಚೆಲರ್ ಬರೆದ ‘ಎ ಮ್ಯಾನ್ ಫಾರ್ ದಿ ಏಜಸ್’ ಕಾದಂಬರಿಯಲ್ಲಿ ಮಿಸೆಸ್ ಲ್ಯೂಕಿನ್ಸ್ ಎಂಬ ಹೆಂಗಸಿಗೆ ತನ್ನದೇ ಎನ್ನುವ ಎರಡು ಪದಗಳಿವೆ. ಒಂದು ‘ಕೊರಲಾಪಸ್’, ಇನ್ನೊಂದು ‘ಕೋಪಸೆಟಿಕ್’. ಮೊದಲನೆಯದು ಪುಸ್ತಕದಲ್ಲೇ ಉಳಿಯಿತು, ಎರಡನೆಯದು ದೇಶ ಸುತ್ತಿತು. ಅದನ್ನು ಕಾದಂಬರಿಕಾರನೇ ಹುಟ್ಟಿಸಿದನೋ, ಎಲ್ಲೋ ಕೇಳಿ ಪಾತ್ರದ ಬಾಯಿಗಿಟ್ಟನೋ ಎಂಬ ಜಿಜ್ಞಾಸೆ ಇನ್ನೂ ಮುಗಿದಿಲ್ಲ.

ಹೆತ್ತವರು ಗೊತ್ತಿಲ್ಲದ ಕೂಸಿಗೆ ನೆಂಟರು ಬಹಳ. ‘ಎಲ್ಲವೂ ಸರಿಯಿದೆ’ ಎನ್ನುವ ಹೀಬ್ರೂ ಮಾತೇ ಸವೆದು ಹೀಗಾಯಿತು ಎನ್ನುವವರಿದ್ದಾರೆ. ಲೂಯಿಸಿಯಾನದ ಫ್ರೆಂಚರದು ಎನ್ನುವವರಿದ್ದಾರೆ. ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ವ್ಯಾಪಾರಿ ಭಾಷೆ ಚಿನೂಕ್ ಜಾರ್ಗನ್‌ನಲ್ಲಿ ಬೇರು ಹುಡುಕಿದವರೂ ಉಂಟು. ‘ಕಾಪ್ ಈಸ್ ಆನ್ ದಿ ಸೆಟ್ಟೀ’, ಅಂದರೆ ಪೊಲೀಸನು ಸೋಫಾದ ಮೇಲೆ ಒರಗಿದ್ದಾನೆ, ಇನ್ನು ಭಯವಿಲ್ಲ ಎಂದು ಕಳ್ಳರು ಕೊಡುತ್ತಿದ್ದ ಸಂಕೇತವಂತೆ! ಯಾವ ಕಥೆಗೂ ಗಟ್ಟಿ ಪುರಾವೆಯಿಲ್ಲ.

ಇದು ತನ್ನ ಪದ ಎಂದು ಎದೆ ತಟ್ಟಿ ಹೇಳಿದವನೊಬ್ಬನಿದ್ದ. ಟ್ಯಾಪ್ ನೃತ್ಯದ ದೊರೆ ಬಿಲ್ ‘ಬೋಜ್ಯಾಂಗಲ್ಸ್’ ರಾಬಿನ್‌ಸನ್. ವರ್ಜೀನಿಯಾದ ರಿಚ್ಮಂಡ್‌ನಲ್ಲಿ 1878ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹಿಂದೆ ಗುಲಾಮಳಾಗಿದ್ದ ಅಜ್ಜಿಯ ಆಸರೆಯಲ್ಲಿ ಬೆಳೆದ ಕಪ್ಪು ಹುಡುಗ. 1935ರ ‘ದಿ ಲಿಟಲ್ ಕರ್ನಲ್’ ಚಿತ್ರದಲ್ಲಿ ಪುಟ್ಟ ಶರ್ಲಿ ಟೆಂಪಲ್ ಜೊತೆ ಮೆಟ್ಟಿಲ ಮೇಲೆ ಕುಣಿದು ಮನೆಮಾತಾದ. ಆದರೆ ತೆರೆಯ ಮೇಲೆ ಆತನಿಗೆ ಸಿಕ್ಕಿದ್ದು ಮನೆಯಾಳಿನ ಪಾತ್ರ. ದಕ್ಷಿಣದ ರೈಲಿನಲ್ಲಿ, ಹೋಟೆಲಿನಲ್ಲಿ ಕಪ್ಪುಜನರಿಗೆ ಬೇರೆಯೇ ಜಾಗವಿದ್ದ ಕಾಲವದು. ಆಗಲೂ ಆತನ ಖಾಯಂ ಮಾತು ಒಂದೇ: ಎಲ್ಲಾ ಕೋಪಸೆಟಿಕ್! ಬರೀ ಬಾಯಿಮಾತಲ್ಲ; 1933ರಲ್ಲಿ ಹುಟ್ಟೂರಿನ ಮಕ್ಕಳು ಜೀವಭಯವಿಲ್ಲದೆ ರಸ್ತೆ ದಾಟಲೆಂದು ಸ್ವಂತ ದುಡ್ಡಿನಲ್ಲಿ ಟ್ರಾಫಿಕ್ ದೀಪ ಹಾಕಿಸಿದ್ದ.

ಧಾರವಾಡದಲ್ಲಿರುವ ನಮ್ಮವ್ವನ ಖಾಯಂ ಮಾತು ‘ಎಲ್ಲಾ ಆರಾಮ ಅದೀವಿ’. ಪ್ರತಿ ಭಾನುವಾರ ಫೋನಿನಲ್ಲಿ ಅದೇ. ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಾಗಲೂ ಮೂರು ಭಾನುವಾರ ಅದನ್ನೇ ಅಂದಳು. ಚಿಗವ್ವನಿಂದ ಸುದ್ದಿ ತಿಳಿದು ಕೇಳಿದರೆ, ‘ನೀ ಅಲ್ಲಿ ಕುಂತು ಏನ್ ಮಾಡಾಂವ ಇದ್ದಿ?’ ಎಂದು ನಕ್ಕಳು. ಆರಾಮ ಎನ್ನುವುದೂ ಪಾರಸಿಯಿಂದ ಬಂದ ಪದ. ಅವ್ವನಿಗೆ ಅದರ ಊರುಕೇರಿ ಬೇಕಿಲ್ಲ. ಸಾವಿರಾರು ಮೈಲಿಯಾಚೆ ಇರುವ ಮಗ ರಾತ್ರಿ ನಿದ್ದೆ ಮಾಡಬೇಕು, ಅಷ್ಟೇ.

ಅದಕ್ಕೇ ರಾಬಿನ್‌ಸನ್ ಮಾತು ನಿಜವೋ ಸುಳ್ಳೋ ಎಂದು ತೂಗಲು ನನಗೆ ಮನಸ್ಸಿಲ್ಲ. ಆತ ತೀರಿಕೊಂಡದ್ದು 1949ರ ನವೆಂಬರಿನಲ್ಲಿ. ಮರುತಿಂಗಳೇ ಗೆಳೆಯರು ಆತನ ನೆನಪಿಗೆ ಒಂದು ಸಂಘ ಕಟ್ಟಿದರು. ಟ್ಯಾಪ್ ನೃತ್ಯಕ್ಕೆ ಬೇಡಿಕೆ ಕುಸಿದು, ಎಷ್ಟೋ ನರ್ತಕರು ಹೊಟ್ಟೆಪಾಡಿಗೆ ಬೇರೆ ದಾರಿ ಹುಡುಕುತ್ತಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಅವರು ಆರಿಸಿಕೊಂಡ ಹೆಸರು ‘ದಿ ಕೋಪಸೆಟಿಕ್ಸ್’.