ದೂಧ್‌ಸಾಗರದ ಇಳಿಜಾರಿನಲ್ಲಿ

ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಹಳೇ ಗೋವಾದ ಬೋಮ್ ಜೀಸಸ್ ಬಸಿಲಿಕಾಕ್ಕೆ ಯಾತ್ರೆ ಹೊರಡುವ ನಮ್ಮ ಕುಟುಂಬಗಳಿಗೆ ಲೋಂಡಾ ದಾಟಿದ ಮೇಲಿನ ರೈಲುದಾರಿ ಚಿರಪರಿಚಿತ. ಕರ್ನಾಟಕದ ಕೊನೆಯ ನಿಲ್ದಾಣ ಕ್ಯಾಸಲ್‌ರಾಕ್. ಅಲ್ಲಿಂದ ಗೋವಾದ ಕುಳೆಂವರೆಗೆ ಸುಮಾರು 26 ಕಿ.ಮೀ. ಬ್ರಗಾಂಝಾ ಘಾಟ್. ಇಲ್ಲಿ 37 ಮೀಟರ್ ಸಾಗುವಷ್ಟರಲ್ಲಿ ಹಳಿ ಒಂದು ಮೀಟರ್ ಇಳಿಯುತ್ತದೆ. ಮೇಲೇರುವ ಗಾಡಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್‌ಗಳೇ ಬೇಕು. ಸುರಂಗ ದಾಟಿ 310 ಮೀಟರ್ ಎತ್ತರದ ದೂಧ್‌ಸಾಗರ ಕಂಡೊಡನೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಕಿಟಕಿಗೆ ಮುಗಿಬೀಳುತ್ತಾರೆ. ಹಳಿಯ ಪಕ್ಕದಲ್ಲೇ ನಿಂತಿರುವ ಗುಡ್ಡವನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

2021ರ ಜುಲೈ 23ರಂದು ಆ ಗುಡ್ಡ ಜಾರಿತು. ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ಗಾಡಿಯನ್ನು, ಚಿಪಳೂಣ್ ಬಳಿ ಕೊಂಕಣ ರೈಲುದಾರಿ ನೆರೆಗೆ ಸಿಕ್ಕಿದ್ದರಿಂದ, ಈ ದಾರಿಗೆ ತಿರುಗಿಸಿದ್ದರು. ದೂಧ್‌ಸಾಗರ ಮತ್ತು ಸೋನಾಳಿಂ ನಡುವೆ ಮಣ್ಣು ಕುಸಿದು ಎಂಜಿನ್ ಮತ್ತು ಮೊದಲ ಬೋಗಿ ಹಳಿ ತಪ್ಪಿದವು. ದೇವರ ದಯೆಯಿಂದ ಯಾರಿಗೂ ಜೀವಾಪಾಯವಾಗಲಿಲ್ಲ.

ಹಿಮಾಲಯದ ಹಿಮಕುಸಿತಕ್ಕೂ ನಮ್ಮ ಘಟ್ಟದ ಗುಡ್ಡಕುಸಿತಕ್ಕೂ ಹತ್ತಿರದ ನಂಟಿದೆ. ಅಲ್ಲಿ ಹಿಮ ಪದರ ಪದರವಾಗಿ ಬೀಳುತ್ತದೆ. ನಡುವಿನ ಒಂದು ಪದರ ದುರ್ಬಲವಾಗಿದ್ದರೆ, ಹೊಸ ಹಿಮದ ಭಾರಕ್ಕೋ ಒಬ್ಬನ ಹೆಜ್ಜೆಗೋ ಮೇಲಿನದೆಲ್ಲ ಒಟ್ಟಿಗೆ ಜಾರುತ್ತದೆ. ಇಲ್ಲಿ ಬಂಡೆಯ ಮೇಲೆ ಮಣ್ಣಿನ ಹೊದಿಕೆ. ವಾರಗಟ್ಟಲೆ ಮಳೆ ಹೀರಿ ಮಣ್ಣು ಭಾರವಾಗುತ್ತದೆ, ಒಳಗಿನ ನೀರು ಅದರ ಹಿಡಿತ ಬಿಡಿಸುತ್ತದೆ. ಹಿಮಕುಸಿತದ ನೋವೂ ಈ ಸೀಮೆಗೆ ಹೊಸದಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರು ಹಿಮದಡಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರನೆಯ ದಿನ ಜೀವಂತವಾಗಿ ಸಿಕ್ಕಿದರು. ನಾಡೆಲ್ಲ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು.

ಆದ್ದರಿಂದ ಯಾತ್ರಿಕರಲ್ಲಿ ಒಂದು ವಿನಂತಿ. ಮಳೆಗಾಲದಲ್ಲಿ ಗಾಡಿ ಕಾಡಿನ ನಡುವೆ ನಿಂತರೆ ಗೊಣಗಬೇಡಿ. ಹಳಿ ಸುರಕ್ಷಿತವೇ ಎಂದು ನೋಡಲು ಆ ಮಳೆಯಲ್ಲೇ ಯಾರೋ ಕಾವಲುಗಾರ ದೀಪ ಹಿಡಿದು ನಡೆಯುತ್ತಿರಬಹುದು. ಫೋಟೋಗಾಗಿ ಕೆಳಗಿಳಿದು ಹಳಿಯ ಮೇಲೆ ನಡೆಯಬೇಡಿ. 2023ರ ಜುಲೈನಲ್ಲಿ ಹಾಗೆ ನುಗ್ಗಿದ ನೂರಾರು ಚಾರಣಿಗರನ್ನು ಪೊಲೀಸರು ತಡೆದು ಬಸ್ಕಿ ಹೊಡೆಸಿದ್ದನ್ನು ನಾವೆಲ್ಲ ನೋಡಿ ನಕ್ಕೆವು. ಆದರೆ ಗುಡ್ಡ ಜಾರಿದರೆ ಬಸ್ಕಿಯಲ್ಲಿ ಮುಗಿಯುವುದಿಲ್ಲ.

ಘಟ್ಟದ ಊರುಗಳಲ್ಲಿ ವಾಸಿಸುವವರು ಇನ್ನೂ ಕೆಲವನ್ನು ಗಮನಿಸಬೇಕು: ಇಳಿಜಾರಿನಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾದ ಒರತೆಯ ನೀರು. ಇವು ಕಂಡರೆ ಸಾಮಾನು ಕಟ್ಟುತ್ತ ಕೂರದೆ ಮನೆಮಂದಿಯೊಂದಿಗೆ ಹೊರಡಬೇಕು.

ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ ಡಿಸೆಂಬರ್ 3ಕ್ಕೆ. ಅಷ್ಟರಲ್ಲಿ ಮಳೆಗಾಲ ಮುಗಿದು ಘಟ್ಟ ಶಾಂತವಾಗಿರುತ್ತದೆ. ವೃದ್ಧರು, ಪುಟ್ಟ ಮಕ್ಕಳಿರುವವರು ಆಗಲೇ ಹೊರಡುವುದು ಒಳಿತು.