ಬಾವಿಯ ಗ್ರಾಫಿಗೆ ಕನ್ನಡದ ಒತ್ತು

ಕೊಳವೆಬಾವಿಯ ಲೆಕ್ಕದಲ್ಲಿ ಗ್ರಾಫು ಅಲಂಕಾರವಲ್ಲ, ಅದೇ ಅರ್ಧ ಲೆಕ್ಕ. ಪಂಪನ್ನು ಒಂದೇ ಸಮನೆ ಓಡಿಸುತ್ತ, ಬಾವಿಯಲ್ಲಿ ನೀರು ಎಷ್ಟು ಕೆಳಗಿಳಿಯಿತು ಎಂದು ಗಡಿಯಾರ ನೋಡಿ ನೋಡಿ ಬರೆದುಕೊಳ್ಳುತ್ತಾರೆ. ಈ ಇಳಿತಕ್ಕೆ 1935ರಲ್ಲಿ ಅಮೆರಿಕದ ಚಾರ್ಲ್ಸ್ ಥೈಸ್ ಒಂದು ಸೂತ್ರ ಕೊಟ್ಟರು. 1946ರಲ್ಲಿ ಕೂಪರ್ ಮತ್ತು ಜೇಕಬ್ ಅದನ್ನು ಸರಳ ಮಾಡಿದರು. ಕಾಲವನ್ನು ಲಾಗ್ ಅಳತೆಯಲ್ಲಿ, ಅಂದರೆ 1, 10, 100, 1000 ನಿಮಿಷಗಳು ಸಮದೂರದಲ್ಲಿ ಬರುವಂತೆ, ಅಡ್ಡಗೆರೆಯ ಮೇಲಿಟ್ಟರೆ ಸ್ವಲ್ಪ ಹೊತ್ತಿನ ನಂತರದ ಚುಕ್ಕೆಗಳು ನೇರ ಗೆರೆಯಲ್ಲಿ ನಿಲ್ಲುತ್ತವೆ. ಆ ಗೆರೆ ಎಷ್ಟು ಓರೆಯಾಗಿದೆ ಎಂಬುದರಿಂದ ನೆಲದೊಳಗೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ತಿಳಿಯುತ್ತದೆ. ಗೆರೆ ನಡುವೆ ತಟ್ಟನೆ ಇನ್ನಷ್ಟು ಕಡಿದಾದರೆ, ನೀರು ಬರುವ ದಾರಿ ಎಲ್ಲೋ ಬಂಡೆಗೆ ತಾಗಿ ಮುಗಿದಿರಬಹುದು ಎಂಬ ಅನುಮಾನ ಹುಟ್ಟುತ್ತದೆ.

ನಾನು ಹುನಗುಂದದ ಕಡೆಯವನು, ಭೌತವಿಜ್ಞಾನದ ಮೇಷ್ಟ್ರು. ಈ ಲೆಕ್ಕ ಮಾಡುವ ಸಣ್ಣದೊಂದು ತಂತ್ರಾಂಶವನ್ನು ನಾಲ್ಕೈದು ವಿದ್ಯಾರ್ಥಿಗಳ ಜೊತೆ ಸೇರಿ ಪೈಥಾನಿನಲ್ಲಿ ಬರೆಯುತ್ತಿದ್ದೆ. ಸೂತ್ರಗಳನ್ನು ಬರೆಯಲು ಒಂದು ವಾರ ಸಾಕಾಯಿತು. ಗ್ರಾಫು ಬಿಡಿಸಲು ಯಾವ ಲೈಬ್ರರಿ ಎಂದು ತೀರ್ಮಾನಿಸಲು ಎರಡು ತಿಂಗಳು ಹಿಡಿಯಿತು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಬೇರೆಯವರು ಬರೆದಿಟ್ಟ, ನಮ್ಮ ಪ್ರೋಗ್ರಾಮಿನೊಳಗೆ ಕರೆದು ದುಡಿಸಿಕೊಳ್ಳಬಹುದಾದ ಕೋಡಿನ ಗಂಟು. ನಮ್ಮ ಗ್ರಾಫು ಮೂರು ಕಡೆ ಕಾಣಬೇಕಿತ್ತು: ಬಾಗಲಕೋಟೆಯ ಒಂದು ಕಾಲೇಜು ಲ್ಯಾಬಿನ ವಿಂಡೋಸ್ ಕಂಪ್ಯೂಟರುಗಳಲ್ಲಿ, ಇಳಕಲ್ಲಿನ ವಿದ್ಯಾರ್ಥಿಯೊಬ್ಬನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ, ಮತ್ತು ಬಾದಾಮಿ ಹತ್ತಿರದ ರೈತರೊಬ್ಬರ ಆಂಡ್ರಾಯ್ಡ್ ಫೋನಿನಲ್ಲಿ.

ಮೊದಲು ಕೈಹಾಕಿದ್ದು ಮ್ಯಾಟ್‌ಪ್ಲಾಟ್‌ಲಿಬ್‌ಗೆ. ಮೂರ್ಛೆರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ಅಭ್ಯಾಸ ಮಾಡುತ್ತಿದ್ದ ಜಾನ್ ಹಂಟರ್ ಎಂಬ ವಿಜ್ಞಾನಿ ತಮ್ಮ ಕೆಲಸಕ್ಕೆಂದು ಬರೆದು, 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಲೈಬ್ರರಿ ಅದು. 2012ರಲ್ಲಿ ಅವರು ತೀರಿಕೊಂಡ ಮೇಲೂ ಅದನ್ನು ಬೆಳೆಸುವವರು ಇದ್ದಾರೆ. ದುಡ್ಡಿಲ್ಲ, ಲೈಸೆನ್ಸಿನ ಕಟ್ಟುಪಾಡು ಕಡಿಮೆ, ಲಾಗ್ ಅಳತೆ ಒಂದೇ ಸಾಲಿನ ಕೆಲಸ. ವಿಂಡೋಸಿಗೂ ಲಿನಕ್ಸಿಗೂ ಅದೇ ಕೋಡು ನಡೆಯುತ್ತದೆ. ಬಾದಾಮಿಯ ರೈತರ ಬಾವಿಯ ಅಳತೆಗಳನ್ನು ಹಾಕಿ ಗ್ರಾಫು ತೆಗೆದು, ಅಚ್ಚು ಹಾಕಿಸಿ ಕೈಗಿಟ್ಟೆ. ಅವರು ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದರು.

"ಸರ, ಗೆರಿ ಛಂದ ಐತ್ರಿ. ಆದ್ರ ಇದರಾಗ ನೀರು ಯಾವುದು, ಹೊತ್ತು ಯಾವುದು?"

ಗೆರೆಗಳ ಹೆಸರೆಲ್ಲ ಇಂಗ್ಲಿಷಿನಲ್ಲಿದ್ದವು. ಅವರಿಗೆ ಅದು ಕುತೂಹಲದ ಕಾಗದವಾಗಿರಲಿಲ್ಲ. ಇದ್ದ ಬಾವಿಯಿಂದ ಐವತ್ತು ಅಡಿ ದೂರದಲ್ಲಿ ಸಾಲ ತೆಗೆದು ಇನ್ನೊಂದು ಬೋರು ಹೊಡೆಸುವ ವಿಚಾರ ಮನೆಯಲ್ಲಿ ನಡೆದಿತ್ತು. ಎರಡು ಬಾವಿಗಳ ಇಳಿತ ಒಂದಕ್ಕೊಂದು ಕೂಡಿಕೊಳ್ಳುತ್ತದೆ ಎಂಬುದು ಥೈಸರ ಸೂತ್ರದಿಂದ ಬರುವ ಮಾತು. ಆ ಮಾತನ್ನೇ ಹೇಳಲು ಮಾಡಿದ ಗ್ರಾಫು ಅವರಿಗೇ ಓದಲು ಬರಬೇಕಲ್ಲ?

ಸರಿ, ಕನ್ನಡದಲ್ಲಿ ಹೆಸರು ಕೊಟ್ಟೆವು. ಆಗ ಹೊಸ ತಕರಾರು ಎದ್ದಿತು. "ನೀರಿನ ಮಟ್ಟ" ಎಂದು ಬರೆದರೆ ಪರದೆಯ ಮೇಲೆ "ಮಟ್‌ಟ" ಎಂದು ಬಂತು. "ಅಂತರ್ಜಲ"ದ ಅರ್ಕಾವತ್ತು ಕಾಣೆಯಾಯಿತು. ಕಾರಣ ಇಷ್ಟೇ: ನಮ್ಮಲ್ಲಿದ್ದ ಆವೃತ್ತಿ ಫಾಂಟಿನಿಂದ ಅಕ್ಷರಗಳನ್ನು ಒಂದೊಂದಾಗಿ ತಂದು ಸಾಲಾಗಿ ಜೋಡಿಸುತ್ತಿತ್ತು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ, ಎರಡು ವ್ಯಂಜನ ಕೂಡಿದಾಗ ಒಂದನ್ನು ಒತ್ತಾಗಿ ಕೆಳಗಿಳಿಸುವ ಇನ್ನೊಂದು ಹಂತ ಬೇಕು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಕೊರೆದವರು ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಉಳಿಯಿಂದ ಮಾಡಿದ ಕೆಲಸ ಅದು.

ಬೇರೆ ದಾರಿಗಳನ್ನು ಹುಡುಕಿದೆವು. 1986ರಷ್ಟು ಹಳೆಯದಾದ ಗ್ನುಪ್ಲಾಟ್ ಇತ್ತು. ಅದರ ಕೈರೋ ಮಾದರಿಯ ಚಿತ್ರಗಳಲ್ಲಿ ಅಕ್ಷರ ಜೋಡಿಸುವ ಕೆಲಸ ಪ್ಯಾಂಗೋ ಎಂಬ ಇನ್ನೊಂದು ಲೈಬ್ರರಿಯದು. ಒತ್ತುಗಳು ಮುತ್ತಿನ ಹಾಗೆ ಬಂದವು. ಆದರೆ ಅದು ಬೇರೆಯೇ ಒಂದು ಪ್ರೋಗ್ರಾಮು. ಅದನ್ನು ಲ್ಯಾಬಿನ ಒಂದೊಂದು ಕಂಪ್ಯೂಟರಿಗೂ ಹಾಕಲು ಅನುಮತಿ ಬೇಕು, ಫೋನಿನ ಮಾತು ದೂರವೇ ಉಳಿಯಿತು. ಕ್ಯೂಟಿ ಆಧಾರದ ಲೈಬ್ರರಿಗಳಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ನಮ್ಮ ಕೋಡಿನ ಬಹುಪಾಲನ್ನು ಮತ್ತೆ ಬರೆಯಬೇಕಾಗುತ್ತಿತ್ತು. ಬ್ರೌಸರಿನಲ್ಲೇ ಗ್ರಾಫು ಬಿಡಿಸುವ ಪ್ಲಾಟ್ಲಿ ಚೆನ್ನಾಗಿತ್ತು, ಆದರೆ ಒಂದು ಗೆರೆಗಾಗಿ ಹಲವು ಮೆಗಾಬೈಟುಗಳನ್ನು ಹೊತ್ತು ತರುತ್ತಿತ್ತು.

ದಾರಿ ಕಾಣಿಸಿದವನು ಇಳಕಲ್ಲಿನ ಹುಡುಗ. ಮನೆಯಲ್ಲಿ ಮಗ್ಗವಿದೆ. ಬ್ರೌಸರಿನಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆಂಬ ಮಾತು ಬಂದಾಗ ಹೇಳಿದ: "ಸರ್, ಇಳಕಲ್ ಸೀರಿಯೊಳಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಕೊಂಡಿ ಹಾಕಿ ಕೂಡಸ್ತೀವಲ್ರಿ. ಗೆರಿ ಇದು ತಗೀಲಿ, ಅಕ್ಷರ ಬ್ರೌಸರ್ ತಗೀಲಿ."

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಅದಕ್ಕೊಂದು ಕೊಂಡಿ ಮೊದಲೇ ಇತ್ತು. ಗ್ರಾಫನ್ನು ಎಸ್‌ವಿಜಿ ರೂಪದಲ್ಲಿ ಉಳಿಸುವಾಗ ಅಕ್ಷರಗಳನ್ನು ಚಿತ್ರವಾಗಿಸದೆ ಪಠ್ಯವಾಗಿಯೇ ಬಿಡು ಎಂದು ಹೇಳಬಹುದು. ಆಗ ಒತ್ತು ಕೂಡಿಸುವ ಹೊಣೆ ಬ್ರೌಸರಿನದಾಗುತ್ತದೆ. ವಿಂಡೋಸಿನಲ್ಲಿ ನಿರ್ಮಲಾ, ಹಳೆಯದಾದರೆ ತುಂಗಾ, ಲಿನಕ್ಸಿನಲ್ಲಿ ಲೋಹಿತ್ ಅಥವಾ ನೋಟೊ ಎಂದು ಫಾಂಟುಗಳ ಹೆಸರನ್ನು ಸಾಲಾಗಿ ಕೊಟ್ಟೆವು, ಇದ್ದದ್ದು ಸಿಗುತ್ತದೆ. ಒಂದು ಕೊರತೆ ಉಳಿಯಿತು. ಕನ್ನಡ ಪದದ ಉದ್ದ ಲೈಬ್ರರಿಗೆ ಸರಿಯಾಗಿ ತಿಳಿಯದು, ಹಾಗಾಗಿ ವಿವರಣೆಯ ಚೌಕ ಒಮ್ಮೊಮ್ಮೆ ಸಡಿಲವಾಗುತ್ತದೆ. ಚೌಕವನ್ನೇ ತೆಗೆದು, ಹೆಸರನ್ನು ಆಯಾ ಗೆರೆಯ ಪಕ್ಕದಲ್ಲೇ ಬರೆದೆವು. ಓದುವವರಿಗೂ ಅದೇ ಸುಲಭವಾಯಿತು. ಉದ್ದಗೆರೆಯನ್ನು ತಲೆಕೆಳಗು ಮಾಡಿ, ಬಾವಿಯಲ್ಲಿ ಕೆಳಗಿಳಿದದ್ದು ಹಾಳೆಯ ಮೇಲೂ ಕೆಳಗೇ ಇಳಿಯುವಂತೆ ಮಾಡಿದೆವು.

ಆಮೇಲೆ ರೈತರ ಫೋನಿಗೆ ಎರಡು ಗೆರೆಗಳ ಗ್ರಾಫು ಕಳಿಸಿದೆ: ಒಂದು ಪಂಪು ಓಡಿದರೆ, ಎರಡೂ ಓಡಿದರೆ. ಅವರು ಅದನ್ನು ತಮ್ಮನಿಗೆ ತೋರಿಸಿ, ತಾವೇ ಬೆರಳಿಟ್ಟು ಓದಿ ಹೇಳಿದರಂತೆ. ಬೋರಿನ ವಿಚಾರ ಇನ್ನೂ ಅವರ ಮನೆಯ ಪಡಸಾಲೆಯಲ್ಲೇ ಇದೆ. ತೀರ್ಮಾನ ಅವರದು, ಆದರೆ ಈಗ ವಾದ ಹೂಡಲು ಅಣ್ಣತಮ್ಮಂದಿರ ನಡುವೆ ಒಂದು ಗೆರೆ ಇದೆ.

ಲೈಬ್ರರಿ ಆರಿಸುವವರು ಎಷ್ಟು ಬಗೆಯ ಗ್ರಾಫು ಬರುತ್ತದೆ, ಎಷ್ಟು ವೇಗ, ಎಷ್ಟು ಬಣ್ಣ ಎಂದು ಪಟ್ಟಿ ಮಾಡುತ್ತಾರೆ. ನಮ್ಮ ವಿದ್ಯಾರ್ಥಿಗಳಿಗೆ ನಾನು ಈಗ ಹೇಳುವುದು ಒಂದೇ: ಗ್ರಾಫನ್ನು ಓದುವವರು ಯಾರು ಎಂದು ಮೊದಲು ಕೇಳಿ. ಅವರ ಊರಿನ ಹೆಸರನ್ನೇ ಟೈಪು ಮಾಡಿ, ಅವರ ಕೈಯಲ್ಲಿರುವ ಯಂತ್ರದಲ್ಲೇ ತೆರೆದು ನೋಡಿ. ಇಳಕಲ್ಲಿನ ಲಾವತ್ತು ಸರಿಯಾಗಿ ಕೂತರೆ ಉಳಿದ ಪರೀಕ್ಷೆ ಶುರು ಮಾಡಬಹುದು.