ಒಂದು ಕಾರು, ಎರಡು ತಲೆ

ಸ್ಲಾಟ್ ಕಾರ್ ಎಂದರೆ ನಮ್ಮ ಕಡೆಯ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಹಲಗೆಯ ಹಾದಿಯಲ್ಲಿ ಉದ್ದಕ್ಕೂ ಒಂದು ಸೀಳು, ಅದರ ಎರಡು ಬದಿಗೆ ಲೋಹದ ಪಟ್ಟಿ. ಕಾರಿನ ಮೂತಿಯಡಿಯ ನಾಲಿಗೆಯಂಥ ತುಂಡು ಸೀಳಿನಲ್ಲಿ ಕೂತು ದಾರಿ ಹಿಡಿಯುತ್ತದೆ. ಅದರ ಪಕ್ಕದ ತಂತಿಜಡೆಗಳು ಪಟ್ಟಿಯನ್ನು ಸವರುತ್ತ ಮೋಟಾರಿಗೆ ವಿದ್ಯುತ್ತು ಮುಟ್ಟಿಸುತ್ತವೆ. ಆಡುವವನಿಗೆ ಸ್ಟಿಯರಿಂಗ್ ಇಲ್ಲ, ಕೈಯಲ್ಲಿರುವುದು ವೇಗವೊಂದೇ. ತಿರುವಿನಲ್ಲಿ ದುರಾಸೆ ಪಟ್ಟರೆ ಕಾರು ಹಾರಿ ನೆಲಕ್ಕೆ ಬೀಳುತ್ತದೆ. ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬಾತ ಸ್ಪ್ರಿಂಗಿನಿಂದ ಓಡುವ ತನ್ನ ತಗಡಿನ ಕಾರುಗಳಿಗೆ ವಿದ್ಯುತ್ ಮೋಟಾರು ಕೂರಿಸಿ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ಜನರೆದುರು ತಂದ.

ಕವೆಂಟ್ರಿಯಲ್ಲಿರುವ ನನ್ನ ಮಾಮೂ ಅಂಗಡಿಯ ಕಾರು ಮುಟ್ಟುವವರಲ್ಲ. ಎಂಬತ್ತರ ಹತ್ತಿರದಲ್ಲೂ ತಾವೇ ಕಟ್ಟುತ್ತಾರೆ. ನಾನು ಅವರ ಮನೆಯಲ್ಲಿ ಒಂದು ತಿಂಗಳಿದ್ದಾಗ ಅವರ ಮೇಜಿನ ಮೇಲಿದ್ದದ್ದು 1957ರ ವ್ಯಾನ್‌ವಾಲ್ ರೇಸಿಂಗ್ ಕಾರು, ಮೂವತ್ತೆರಡರಲ್ಲೊಂದು ಅಳತೆಯದು.

ಇದನ್ನೇ ಯಾಕೆ ಆರಿಸಿದಿರಿ ಎಂದರೆ, “ಬೇರಿಂಗ್ ಮಾಡುವವನ ಕಾರು ಬೇಟಾ” ಎಂದರು. ನಿಜ. ಒಡೆಯ ಟೋನಿ ವ್ಯಾಂಡರ್‌ವೆಲ್ ಬೇರಿಂಗ್ ತಯಾರಕ. ತನ್ನ ಹೆಸರಿನ ಅರ್ಧವನ್ನು ‘ಥಿನ್‌ವಾಲ್’ ಎಂಬ ಬೇರಿಂಗಿನ ಹೆಸರಿನ ಅರ್ಧಕ್ಕೆ ಸೇರಿಸಿ ಕಾರಿಗೆ ಹೆಸರಿಟ್ಟ. ಜೀವಮಾನವೆಲ್ಲ ಲೇತ್ ಮುಂದೆ ನಿಂತ ಮಾಮೂಗೆ ಇದಕ್ಕಿಂತ ಕಾರಣ ಬೇಕಿರಲಿಲ್ಲ.

ಹಿತ್ತಾಳೆ ಪಟ್ಟಿ ಮತ್ತು ಉಕ್ಕಿನ ತಂತಿ ಬೆಸೆದು ಅವರು ಚಾಸಿ ಮಾಡಿದರು. ಈಗ ಅವರ ಕೈ ನಡುಗುತ್ತದೆ. ಚಿಮಟ ಹಿಡಿಯುವ ಕೆಲಸ ನನ್ನದಾಯಿತು. ಫ್ರಾಂಕ್ ಕಾಸ್ಟಿನ್ ರೂಪಿಸಿದ ಆ ಒಡಲು ನೀರಿನ ಹನಿಯಂತೆ ಬಾಲಕ್ಕೆ ಸರಿದು ಸಣ್ಣಗಾಗುತ್ತದೆ. ನೋಡಲು ಚೆಂದ, ಆದರೆ ಎತ್ತರ ಹೆಚ್ಚು, ಅಗಲ ಕಡಿಮೆ. ತಿರುವಿನಲ್ಲಿ ಮಗುಚದಿರಲೆಂದು ರೆಸಿನ್ ಒಡಲನ್ನು ಒಳಗಿನಿಂದ ಕಾಗದದಷ್ಟು ತೆಳುವಾಗುವವರೆಗೆ ಉಜ್ಜಿ, ಚಾಸಿಯ ತಳಕ್ಕೆ ಸೀಸ ಅಂಟಿಸಿದರು. ಹಿಂದಿನ ಟೈರುಗಳನ್ನು ಉಜ್ಜುಕಾಗದದ ಮೇಲೆ ತಿರುಗಿಸಿ ಗುಂಡಗೆ ಮಾಡಲು ಒಂದು ಮಧ್ಯಾಹ್ನವೇ ಹೋಯಿತು. ಆಮೇಲೆ ಹಸಿರು ಬಣ್ಣ, ತೆಳ್ಳಗೆ, ಮತ್ತೆ ಮತ್ತೆ. ಮುಮಾನಿ ಮೂರು ಸಲ ಊಟಕ್ಕೆ ಕರೆದರು.

ತೊಡಕು ಬಂದದ್ದು ಚಾಲಕನ ವಿಷಯದಲ್ಲಿ. 1957ರ ಜುಲೈ 20ರಂದು ಏಂಟ್ರಿಯಲ್ಲಿ ಬ್ರಿಟಿಷ್ ಗ್ರ್ಯಾಂಡ್ ಪ್ರಿ ಗೆದ್ದ 20ನೇ ನಂಬರಿನ ಕಾರು ಇದು. ವಿಶ್ವ ಚಾಂಪಿಯನ್‌ಶಿಪ್ಪಿನ ಗ್ರ್ಯಾಂಡ್ ಪ್ರಿಯೊಂದನ್ನು ಬ್ರಿಟಿಷ್ ಚಾಲಕರು ಬ್ರಿಟಿಷ್ ಕಾರಿನಲ್ಲಿ ಗೆದ್ದದ್ದು ಅದೇ ಮೊದಲು. ಚಾಲಕರು ಎಂದೆ, ಏಕೆಂದರೆ ಅವರು ಇಬ್ಬರು. ಕೆಲವೇ ವಾರಗಳ ಹಿಂದೆ ಲೆ ಮಾನ್‌ನಲ್ಲಿ ಕಾರು ಮಗುಚಿ ಗಾಯಗೊಂಡಿದ್ದ ಟೋನಿ ಬ್ರೂಕ್ಸ್ ಅದನ್ನು 26 ಸುತ್ತು ಓಡಿಸಿದ. ಸ್ಟರ್ಲಿಂಗ್ ಮಾಸ್‌ನ ಕಾರು ಕೆಟ್ಟಾಗ, ಮೊದಲೇ ಆಗಿದ್ದ ಮಾತಿನಂತೆ ಇಳಿದು ಸೀಟು ಕೊಟ್ಟ. ಒಂಬತ್ತನೇ ಸ್ಥಾನದಿಂದ ಮತ್ತೆ ಹೊರಟ ಮಾಸ್ ಉಳಿದ 64 ಸುತ್ತು ಓಡಿಸಿ ಗೆದ್ದ. ಗೆಲುವಿನ 8 ಅಂಕಗಳನ್ನು ಇಬ್ಬರಿಗೂ ನಾಲ್ಕು ನಾಲ್ಕು ಹಂಚಿದರು. ಮರುವರ್ಷದಿಂದ ಹೀಗೆ ಹಂಚಿಕೊಂಡ ಓಟಕ್ಕೆ ಅಂಕವೇ ಇಲ್ಲವಾಯಿತು. ಈಗ ಇಬ್ಬರೂ ಇಲ್ಲ. ಮಾಸ್ 2020ರಲ್ಲಿ, ಬ್ರೂಕ್ಸ್ 2022ರಲ್ಲಿ ತೀರಿಕೊಂಡರು.

ಬ್ರೂಕ್ಸ್‌ನನ್ನೇ ಕೂರಿಸಿ ಎಂದು ನಾನು ವಾದಿಸಿದೆ. ಕತೆ ಬರೆಯುವವರಿಗೆ ಗಾಯಗೊಂಡವನ ಮೇಲೆ ಪ್ರೀತಿ ಜಾಸ್ತಿ. ಮಾಮೂ ಒಪ್ಪಲಿಲ್ಲ. “ಒಂಬತ್ತರಿಂದ ಒಂದಕ್ಕೆ ತಂದವನನ್ನು ಎಲ್ಲಿಡುತ್ತೀ?”

ಚಹಾ ಆರುವವರೆಗೆ ಸುಮ್ಮನಿದ್ದು ತಾವೇ ಹೇಳಿದರು. ಹನ್ನೊಂದು ವರ್ಷ ಅವರದು ರಾತ್ರಿ ಪಾಳಿ. ಅದೇ ಲೇತ್ ಮೇಲೆ ಹಗಲು ಒಬ್ಬ ಬಿಳಿಯ. ಬೆಳಿಗ್ಗೆ ಹತ್ತು ನಿಮಿಷ ಮಾತ್ರ ಭೇಟಿ. ಆತ ನಿವೃತ್ತನಾದಾಗ ಕಾರ್ಖಾನೆಯವರು ಆ ಯಂತ್ರದ ಮೇಲೆ ಅವನ ಹೆಸರಿನ ಫಲಕ ಹಾಕಿದರು, ಅವನೊಬ್ಬನದೇ. “ಅವನ ತಪ್ಪೇನಿಲ್ಲ. ಮುಖ ಕೆಂಪಗಾಗಿತ್ತು ಪಾಪ. ನನ್ನ ಕೈ ಹಿಡಿದುಕೊಂಡೇ ನಿಂತಿದ್ದ.” ಮುಂದೇನಾಯಿತೆಂದು ಕೇಳಬೇಕೆನಿಸಿತು. ಅವರು ಅರ ಹುಡುಕತೊಡಗಿದ್ದರು.

ಕೊನೆಗೆ ಬಟಾಣಿಯಷ್ಟು ದೊಡ್ಡ ಎರಡು ತಲೆಗಳು ಸಿದ್ಧವಾದವು. ಒಂದಕ್ಕೆ ಮಾಸ್‌ನ ಬಿಳಿ ಹೆಲ್ಮೆಟ್ಟು, ಇನ್ನೊಂದಕ್ಕೆ ಗಾಢ ಬಣ್ಣದ್ದು. ಕತ್ತಿನಡಿ ಗುಂಡುಸೂಜಿಯ ತುಂಡು, ಸೀಟಿನ ಬೊಂಬೆಯಲ್ಲಿ ಅದಕ್ಕೆ ತೂತು. ಚುಚ್ಚಿದರೆ ಕೂರುತ್ತದೆ, ಎಳೆದರೆ ಬರುತ್ತದೆ.

ಭಾನುವಾರ ಕ್ಲಬ್ಬಿನ ಹಾದಿಯಲ್ಲಿ ಮಾಮೂ 26 ಸುತ್ತು ಓಡಿಸಿದರು, ಒಮ್ಮೆಯೂ ಸೀಳು ತಪ್ಪಲಿಲ್ಲ. ಕಾರು ನಿಲ್ಲಿಸಿ, ಚಿಮಟದಲ್ಲಿ ತಲೆ ಬದಲಿಸಿ, ಕಂಟ್ರೋಲರ್ ನನ್ನ ಕೈಗಿಟ್ಟರು. “ಇನ್ನು 64 ಇವೆ. ಎರಡನೇ ತಿರುವಿನಲ್ಲಿ ಹುಷಾರು.”